ಅವ್ವನ ಕಾಲ ಮೇಲೆ ಮಲಗಿದವರು

ಹರಳೆಣ್ಣೆ, ಸಾಂಬ್ರಾಣಿ, ತೆಂಗಿನ ಮಟ್ಟೆಯ ಹೊಗೆ ಎಲ್ಲ ಬೆರೆತ ಒಂದು ವಾಸನೆ ಮೊನ್ನೆ ಒಬ್ಬ ಬಾಣಂತಿಯ ಸೆರಗಿನಿಂದ ಬಂತು. ಮಗುವಿಗೆ ಚುಚ್ಚುಮದ್ದು ಹಾಕಿಸಲು ಜಾವಗಲ್ ಕಡೆಯಿಂದ ಬಸ್ಸಿನಲ್ಲಿ ಬಂದಿದ್ದಳು. ನಾನು ಅರಸೀಕೆರೆಯ ಆಸ್ಪತ್ರೆಯೊಂದರಲ್ಲಿ ಹೆರಿಗೆ ವಾರ್ಡಿನ ನರ್ಸ್. ಸಿರಿಂಜು ಹಿಡಿದುಕೊಂಡೇ ಇನ್ನೊಮ್ಮೆ ಮೂಸಿದೆ. ನಮ್ಮವ್ವನ ಸೀರೆಯ ವಾಸನೆ ಅದು. ಆದರೆ ನಮ್ಮ ಮನೆಯದಲ್ಲ, ಬೇರೆಯವರ ಬಚ್ಚಲಿನಿಂದ ಅವ್ವ ಅಂಟಿಸಿಕೊಂಡು ಬರುತ್ತಿದ್ದದ್ದು.

ಅವ್ವ ನಮ್ಮೂರಿನ ಸೂಲಗಿತ್ತಿ. ನಿಮ್ಮ ಊರಲ್ಲೂ ಅಂಥವಳೊಬ್ಬಳು ಇದ್ದಿರಬೇಕು. ಹೆರಿಗೆಯಾದ ಮನೆಗೆ ಬೆಳಿಗ್ಗೆ ಹೋಗಿ ಬಾಣಂತಿಗೂ ಕೂಸಿಗೂ ನೀರು ಹಾಕಿ ಬರುತ್ತಿದ್ದಳು. ಸ್ಕೂಲಿಗೆ ಹೋಗುವ ದಾರಿಯಲ್ಲಿ ಆ ಮನೆಗಳ ಹಿತ್ತಿಲಲ್ಲಿ ನಿಂತು ನಾನು ನೋಡುತ್ತಿದ್ದೆ. ಅವ್ವ ಮಣೆಯ ಮೇಲೆ ಕೂತು, ಸೀರೆ ಮೇಲಕ್ಕೆ ಸರಿಸಿ, ಎರಡೂ ಕಾಲು ಚಾಚಿ, ಕಾಲುಗಳ ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಳ್ಳುತ್ತಿದ್ದಳು. ಎಣ್ಣೆ ನೀವುತ್ತಾ, “ಯಾವೂರ ಗೌಡನಪ್ಪ ನೀನು, ಸೊಸೈಟಿ ಸೆಕ್ರೆಟ್ರಿ ಹಂಗೆ ಮಖ ಗಂಟಾಕ್ಕಂಡಿದ್ದೀಯ” ಎಂದು ಮಾತಾಡಿಸಿದರೆ ಅಳು ನಿಲ್ಲುತ್ತಿತ್ತು. ಮನೆಯಲ್ಲಿ ನನ್ನೊಂದಿಗೆ ಅವ್ವ ಅಷ್ಟು ಮಾತಾಡಿದ್ದು ಕಾಣೆ. ನನ್ನ ಎರಡು ಜಡೆ ನಾನೇ ಹೆಣೆದುಕೊಳ್ಳುತ್ತಿದ್ದೆ, ಒಂದು ಮೇಲೆ ಒಂದು ಕೆಳಗೆ.

“ನನ್ನೂ ಹಿಂಗೇ ಮಲಗಿಸ್ಕಂಡಿದ್ಯೇನವ್ವಾ?” ಎಂದು ಒಮ್ಮೆ ಕೇಳಿದೆ.

“ಏಯ್ ಹುಚ್ಚಿ, ಆಗ ನಾನೇ ಬಾಣಂತಿ ಅಲ್ವೇನೇ? ನಿಂಗೆ ನೀರಾಕಿದ್ದು ಹಾರನಹಳ್ಳಿ ಮುದ್ಕಿ.”

ಅವ್ವ ನಕ್ಕಳು. ನನಗೆ ನಗು ಬರಲಿಲ್ಲ. ಊರ ಮಕ್ಕಳೆಲ್ಲ ಮಲಗಿದ ಆ ಕಾಲುಗಳ ಮೇಲೆ ನಾನೊಬ್ಬಳೇ ಮಲಗಿರಲಿಲ್ಲ.

ನರ್ಸಿಂಗ್ ಓದಿದೆ. ಹಾಸ್ಟೆಲಿನ ನೀರು ಸಾರು ಉಂಡು, ಇಂಗ್ಲಿಷ್ ಪುಸ್ತಕವನ್ನು ಪದ ಪದ ಬಿಡಿಸಿಕೊಂಡು ಪಾಸಾದೆ. ನಮ್ಮ ವಂಶದಲ್ಲಿ ಡಿಗ್ರಿ ಕಂಡ ಮೊದಲನೆಯವಳು ನಾನು, ಹೇಳಿಕೊಳ್ಳಲು ಸಂಕೋಚವಿಲ್ಲ. ಅಷ್ಟರಲ್ಲಿ ಹೆರಿಗೆಗಳೆಲ್ಲ ಆಸ್ಪತ್ರೆಗೆ ಬಂದಿದ್ದವು. ಊರ ಹೆಣ್ಣುಮಕ್ಕಳು ನನ್ನ ಕೈ ಹಿಂಡಿ ಹೆತ್ತರು, ಮನೆಗೆ ಹೋಗಿ ಅವ್ವನ ಬಚ್ಚಲಲ್ಲಿ ಕೂತರು. ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರೆ, “ಎಲ್ಲಾ ನಿಮ್ಮವ್ವನ ಕೈಗುಣ ಕಣಕ್ಕ, ಕೂಸು ಹೆಂಗೆ ಗುಂಡಗೈತೆ ನೋಡು” ಎನ್ನುತ್ತಿದ್ದರು. ನಾನು ಕೂಸಿನ ಕೆನ್ನೆ ಮುಟ್ಟಿ ಬಸ್ಸು ಹತ್ತುತ್ತಿದ್ದೆ.

ಬಾಣಂತನಕ್ಕೆ ತವರಿಗೆ ಹೋದಾಗ ನನ್ನ ಸರದಿ ಬಂತು ಅಂದುಕೊಂಡೆ. ಹಂಡೆ ಕಾದಿತ್ತು. ಅವ್ವನ ಅಂಗೈ ನೆತ್ತಿಗೆ ಎಣ್ಣೆ ತಟ್ಟಿತು, ಬೆನ್ನ ಮೇಲೆ ಬಿಸಿನೀರು ಇಳಿಯಿತು, ಕಣ್ಣು ಮುಚ್ಚಿದೆ. ಒಳಗೆ ಮಗಳು ಅತ್ತಳು.

“ಮಿಕ್ಕಿದ್ದ ನೀನೇ ಹಾಕ್ಕಳೇ, ಕೂಸು ಅಳ್ತೈತೆ” ಎಂದು ಚೊಂಬನ್ನು ನನ್ನ ಕೈಗಿಟ್ಟು ಅವ್ವ ಎದ್ದಳು.

ಸೀರೆ ಸುತ್ತಿಕೊಂಡು ಬಾಗಿಲಲ್ಲಿ ನಿಂತು ನೋಡಿದೆ. ಅದೇ ಕಾಲು ಚಾಚಿದ ಭಂಗಿ, ಅದೇ ಮಾತು, ಮೇಲೆ ಎಣ್ಣೆ ಹಚ್ಚಿಸಿಕೊಳ್ಳುತ್ತಾ ನನ್ನ ಮಗಳು. ಹೊಟ್ಟೆಯೊಳಗೆ ಉರಿದದ್ದು ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಲ್ಲ.

“ಯಾಕೇ ಹಂಗೆ ನೋಡ್ತೀಯ? ಡಿಗ್ರಿ ಮಾಡ್ದೋಳು, ನಾನೇನಾರ ತಪ್ಪು ಮಾಡ್ತಿವ್ನಾ?”

“ಇಲ್ಲ ಕಣವ್ವ, ಹಚ್ಚು” ಅಂದೆ.

ಅವ್ವ ಹೋಗಿ ವರ್ಷಗಳಾದವು. ಮನೆ ಬಿದ್ದು, ಆ ಜಾಗದಲ್ಲಿ ಈಗ ದಾಯಾದಿಗಳು ಕಾಯಿ ಸುಲಿಸುತ್ತಾರೆ. ಕಾಲೇಜಿಗೆ ಹೋಗುವ ಮಗಳನ್ನು ಅಜ್ಜಿಯ ಕಾಲು ನೆನಪಿದೆಯೇ ಎಂದು ಕೇಳಿದರೆ, “ನಂಗೆ ಹೇಗಮ್ಮ ಗೊತ್ತಿರತ್ತೆ, ಆಗ ನಾನು ಪಾಪು” ಎನ್ನುತ್ತಾಳೆ. ಊರಲ್ಲಿ ಯಾರನ್ನು ಕೇಳಿದರೂ ಅದೇ ಮಾತು. ಅವ್ವನ ಎಡ ಪಾದದ ಹತ್ತಿರ ಬಿಸಿನೀರು ಬಿದ್ದ ಕಲೆಯೊಂದಿತ್ತು. ಕೂಸಿನ ತಲೆ ಸರಿಯಾಗಿ ಅದರ ಪಕ್ಕಕ್ಕೆ ಬರುತ್ತಿತ್ತು. ಆ ಕಾಲ ಮೇಲೆ ಮಲಗಿದ ಯಾರಿಗೂ ಅದು ಗೊತ್ತಿಲ್ಲ. ಹಿತ್ತಿಲಲ್ಲಿ ನಿಂತಿದ್ದ ನನಗೆ ಗೊತ್ತು.