ಹಸಿದವರಿಗೆ ಕಡಿಮೆ ಬಡಿಸುವ ಕೈ

ಬೆಳಕು ಹರಿಯುವ ಹೊತ್ತು. ಮಕ್ಕಳ ಆಸ್ಪತ್ರೆಯ ಹಿಂಬದಿಯ ಪುಟ್ಟ ಅಡುಗೆಮನೆಯಲ್ಲಿ ಆಕೆ ಕುದಿಸಿ ಆರಿಸಿದ ನೀರಿಗೆ ಹಾಲಿನ ಪುಡಿ ಬೆರೆಸುತ್ತಿದ್ದಾರೆ. ಅಳತೆಯ ಬಟ್ಟಲಲ್ಲಿ ಪುಡಿ ತುಂಬಿ, ಗೋಪುರದಂತೆ ಮೇಲೆದ್ದದ್ದನ್ನು ಚಾಕುವಿನ ಬೆನ್ನಿನಿಂದ ಸವರಿ ತೆಗೆಯುತ್ತಾರೆ. ಗಂಟು ಕಟ್ಟದಂತೆ ಕಲಕಿ, ಮುಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು ಬಿಸಿ ನೋಡುತ್ತಾರೆ. ಆಮೇಲೆ ಗೆರೆ ಹಾಕಿದ ಸಣ್ಣ ಲೋಟಗಳಿಗೆ ಸುರಿಯುವ ಕೆಲಸ. ಯಾವ ಲೋಟವೂ ಅರ್ಧ ದಾಟುವುದಿಲ್ಲ.

ಬಾಗಿಲಾಚೆ ಹದಿನಾರು ಮಂಚಗಳ ವಾರ್ಡು. ಊಟವಿಲ್ಲದೆ ತೀರಾ ಸೊರಗಿದ, ಐದು ವರ್ಷದೊಳಗಿನ ಮಕ್ಕಳನ್ನು ಇಲ್ಲಿಗೆ ಕರೆತರುತ್ತಾರೆ. ಇಷ್ಟು ಮಕ್ಕಳಿರುವ ಕೋಣೆಯಲ್ಲಿ ಸದ್ದೇ ಇಲ್ಲ.

"ಹಸಿದ ಮಗು ಅಳತ್ತೆ ಅಂತ ಎಲ್ರೂ ತಿಳ್ಕೊಂಡಿದಾರೆ," ಎನ್ನುತ್ತಾರೆ ಆಕೆ, ತಟ್ಟೆಯಲ್ಲಿ ಲೋಟಗಳನ್ನು ಜೋಡಿಸುತ್ತ. "ಒಂದು ಹೊತ್ತು ತಪ್ಪಿದ್ರೆ ಅಳತ್ತೆ. ತಿಂಗಳುಗಟ್ಟಲೆ ತಪ್ಪಿದ್ರೆ ಸುಮ್ನೆ ನೋಡ್ತಾ ಮಲಗಿರತ್ತೆ. ಅಳೋಕೂ ಶಕ್ತಿ ಬೇಕಲ್ಲ."

ಹುದ್ದೆಯ ಹೆಸರು ಆಹಾರ ಸಹಾಯಕಿ. ವಾರ್ಡಿನಲ್ಲಿ ಹಾಗೆಂದರೆ ಯಾರಿಗೂ ಗೊತ್ತಾಗುವುದಿಲ್ಲ. ಎಲ್ಲರಿಗೂ ಆಕೆ ಚಮಚದಕ್ಕ. ಸೀಸೆ, ನಿಪ್ಪಲ್ ಇಲ್ಲಿ ನಿಷಿದ್ಧ. ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿಯೂ, ಪ್ರತಿ ಮಗುವಿಗೂ ಅದರ ತೂಕಕ್ಕೆ ತಕ್ಕಷ್ಟು ತೆಳು ಹಾಲನ್ನು ಚಮಚದಲ್ಲೇ ಕುಡಿಸಬೇಕು. ಬೆಳಗಿನ ಪಾಳಿ ಈಕೆಯದು.

ಕಡಿಮೆ ಕೊಡುವುದಕ್ಕೆ ಕಾರಣವಿದೆ. ಬಹಳ ದಿನ ಹಸಿದ ದೇಹ ಒಮ್ಮೆಲೇ ಬಂದ ಊಟವನ್ನು ತಾಳಿಕೊಳ್ಳಲಾರದು. ರಕ್ತದ ಲವಣಗಳು ಏರುಪೇರಾಗಿ ಹೃದಯವೇ ನಿಲ್ಲಬಹುದು. ಹಿಂದೊಮ್ಮೆ ಒಬ್ಬ ತಂದೆ ಪ್ರೀತಿಯಿಂದ ಮಗನಿಗೆ ಹೊಟ್ಟೆ ತುಂಬ ತಿನ್ನಿಸಿ ಕರೆತಂದಿದ್ದನೆಂದೂ, ಸಂಜೆಗೆ ಮಗು ಉಳಿಯಲಿಲ್ಲವೆಂದೂ ಹಿರಿಯ ನರ್ಸ್ ಹೇಳುತ್ತಾರೆ. ಅತಿಯಾದರೆ ಅಮೃತವೂ ವಿಷ ಎಂಬ ಮಾತು ಇಲ್ಲಿ ಗಾದೆಯಲ್ಲ, ಚಿಕಿತ್ಸೆ.

ಆದರೆ ಚಮಚದಕ್ಕನ ಕೈ ಪಳಗಿದ್ದು ಇದಕ್ಕೆ ತದ್ವಿರುದ್ಧವಾದ ಕೆಲಸದಲ್ಲಿ. ಊರಿನ ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಅವರು ಬಡಿಸುವವರಾಗಿದ್ದರು. "ಬೇಡ ಬೇಡ ಅಂದವರ ತಟ್ಟೆಗೂ ಒಂದು ಸೌಟು ಹಾಕೋದೇ ಅಭ್ಯಾಸ. ಇಲ್ಲಿಗೆ ಬಂದ ಹೊಸದರಲ್ಲಿ ಕೈ ತಾನಾಗೇ ಜಾಸ್ತಿ ಸುರೀತಿತ್ತು. ಈ ನರ್ಸಮ್ಮ ಪಕ್ಕದಲ್ಲಿ ನಿಂತು ಬೈದು ಬೈದು ಕೈ ತಿದ್ದಿದ್ರು."

"ಈಗ ಅವಳೇ ನನ್ನ ಬೈತಾಳೆ," ಎಂದು ನರ್ಸ್ ಆ ಕಡೆಯಿಂದ ಸೇರಿಸುತ್ತಾರೆ.

ಗಿರಣಿ ಮುಚ್ಚಿದ ವರ್ಷವೇ ಈ ವಾರ್ಡಿನ ಮಂಚಗಳು ತುಂಬತೊಡಗಿದ್ದು. ಆ ವರ್ಷವೂ ಮಾರುಕಟ್ಟೆಯಲ್ಲಿ ಧಾನ್ಯಕ್ಕೆ ಬರ ಇರಲಿಲ್ಲ. ಕೂಲಿ ನಿಂತಿತು, ಬೆಲೆ ಏರಿತು, ಹೆಚ್ಚು ಬೆಲೆ ಸಿಗುವ ಕಡೆಗೆ ಮೂಟೆಗಳು ಲಾರಿ ಹತ್ತಿದವು. ಆ ಮೂಟೆಗಳನ್ನು ಹತ್ತಿಸುವವರಲ್ಲಿ ಚಮಚದಕ್ಕನ ಗಂಡನೂ ಒಬ್ಬರು, ಗೋದಾಮಿನಲ್ಲಿ ಹಮಾಲಿ. ಹೆಂಡತಿಗೆ ಬುತ್ತಿ ಕೊಡಲು ಬಂದವರು ನಗುತ್ತಾರೆ: "ನಾನು ಮೂಟೆ ಹೊರ್ತೀನಿ, ಇವಳು ಚಮಚ ಹೊರ್ತಾಳೆ. ಮನೆಗೆ ಬಂದು ಉಸ್ಸಪ್ಪಾ ಅನ್ನೋದು ಮಾತ್ರ ಇವಳೇ."

ನಗು ನಿಂತ ಮೇಲೆ ಅವರೇ ಹೇಳುತ್ತಾರೆ: "ಒಂದೊಂದ್ಸಲ ಬೆನ್ನ ಮೇಲಿರೋದು ಯಾರ ತಟ್ಟೆಯದು ಅನ್ಸತ್ತೆ. ಆದ್ರೆ ಇಳಿಸಿ ಹೋದ್ರೆ ನಾಳೆ ಇನ್ನೊಬ್ಬ ಹೊರ್ತಾನೆ. ನಮ್ಮನೆ ಒಲೆ ಆರತ್ತೆ, ಅಷ್ಟೇ." ವಾಸಿಯಾಗಿ ಹೋದ ಮಕ್ಕಳಲ್ಲಿ ಕೆಲವರು ಮತ್ತೆ ಇದೇ ವಾರ್ಡಿಗೆ ಬರುತ್ತಾರೆ.

ಈ ವಾರ ಚಮಚದಕ್ಕನ ಕಣ್ಣೆಲ್ಲ ಕಿಟಕಿ ಪಕ್ಕದ ಮಂಚದ ಮೇಲೆ. ಅಲ್ಲಿ ಎರಡು ವರ್ಷದ ಹುಡುಗಿ. ತಾಯಿ ದುಡಿಯಲು ಬೇರೆ ಊರಿಗೆ ಹೋಗಿದ್ದಾಳೆ, ಜೊತೆಗಿರುವುದು ಅಜ್ಜಿ. ಸೇರಿಸಿದಾಗ ಮಗುವಿನ ಕೆನ್ನೆ, ಕೈಕಾಲು ಉಬ್ಬಿದ್ದವು. ಈಗ ಕೆನ್ನೆ ಒಳಗೆ ಹೋಗಿದೆ, ತಕ್ಕಡಿಯ ಮುಳ್ಳು ದಿನದಿನಕ್ಕೆ ಕೆಳಗಿಳಿಯುತ್ತಿದೆ. ಅಜ್ಜಿ ಬಟ್ಟೆಯ ಗಂಟು ಕಟ್ಟಿಟ್ಟುಕೊಂಡು ಕುಳಿತಿದ್ದಾರೆ.

"ಕರ್ಕೊಂಡು ಬಂದಾಗ ಗುಂಡುಗುಂಡಗಿದ್ಲು. ಈಗ ನೋಡಿ, ಎಲುಬು ಎಣಿಸಬಹುದು. ಆಸ್ಪತ್ರೆಯವರು ಹಾಲು ಕೊಡ್ತಾರಂತೆ, ಇವಳು ಅಳೀತಾ ಕೂರ್ತಾಳೆ. ದೇವರು ವರ ಕೊಟ್ರೂ ಪೂಜಾರಿ ಕೊಡ ಅಂದ ಹಾಗೆ."

ಚಮಚದಕ್ಕ ಮಗುವಿನ ಮೇಲೆ ಬಾಗುತ್ತಾರೆ. ಮಗುವಿನ ತುಟಿಯ ಅಂಚಿನಲ್ಲಿ ಅಂಟಿದ್ದ ಬ್ರೆಡ್ಡಿನ ಚೂರನ್ನು ಬೆರಳಲ್ಲಿ ತೆಗೆದು ನೋಡಿ, ನರ್ಸನ್ನು ಕೂಗುತ್ತಾರೆ. ಅಜ್ಜಿ ಸೆರಗಿನಲ್ಲಿ ಮುಚ್ಚಿಟ್ಟುಕೊಂಡಿದ್ದ ಬ್ರೆಡ್ಡನ್ನು ನೀರಲ್ಲಿ ನೆನೆಸಿ ತಿನ್ನಿಸಿದ್ದಾರೆ. ವೈದ್ಯೆ ಬಂದು ನಾಡಿ, ಉಸಿರು ನೋಡುತ್ತಾರೆ. ರಕ್ತ ಪರೀಕ್ಷೆಗೆ ಕಳಿಸುತ್ತಾರೆ. ತಿಂದದ್ದು ಕೊಂಚವೇ ಆದ್ದರಿಂದ ಮಧ್ಯಾಹ್ನದ ಹೊತ್ತಿಗೆ ಭಯ ಕಳೆಯುತ್ತದೆ. ಅಜ್ಜಿಯ ಸಿಟ್ಟು ಮಾತ್ರ ಇಳಿದಿಲ್ಲ.

"ಹಸಿದ ಕೂಸಿಗೆ ಸಾಕು ಅನ್ನೋ ಅಧಿಕಾರ ನಿನಗೆ ಯಾರು ಕೊಟ್ರೇ?"

"ಯಾರೂ ಕೊಟ್ಟಿಲ್ಲಮ್ಮ," ಎನ್ನುತ್ತಾರೆ ಚಮಚದಕ್ಕ, ಮಂಚದ ಪಕ್ಕ ಮೊಣಕಾಲೂರಿ. "ಬನ್ನಿ, ಒಂದು ತೋರಿಸ್ತೀನಿ. ನೋಡಿಬಿಟ್ಟು ಹೋಗೋದಾದ್ರೆ ಹೋಗಿ."

ಎದುರಿನ ಮಂಚಕ್ಕೆ ಆ ದಿನವಷ್ಟೇ ಬಂದ ಮಗುವಿನ ಪಾದವೂ ಉಬ್ಬಿದೆ. ಅದರ ತಾಯಿಯನ್ನು ಕೇಳಿ, ಅಜ್ಜಿಯ ಹೆಬ್ಬೆರಳು ಹಿಡಿದು ಆ ಪಾದದ ಮೇಲೆ ಮೆಲ್ಲಗೆ ಒತ್ತಿಸುತ್ತಾರೆ. ಬೆರಳು ತೆಗೆದರೂ ಗುಳಿ ಹಾಗೇ ಉಳಿಯುತ್ತದೆ, ಹಸಿ ಹಿಟ್ಟಿನಲ್ಲಿ ಒತ್ತಿದಂತೆ. ನಂತರ ಮೊಮ್ಮಗಳ ಪಾದ ಒತ್ತಿಸುತ್ತಾರೆ. ತೆಳ್ಳಗಿನ ಪಾದ, ಚರ್ಮ ತಕ್ಷಣ ಮೇಲೇಳುತ್ತದೆ.

"ಅದು ಮೈ ಅಲ್ಲಮ್ಮ, ನೀರು. ಹಸಿವಿಗೆ ಕಟ್ಕೊಂಡಿರೋ ನೀರು. ನಿಮ್ಮ ಮಗೂದು ಇಳಿದಿದೆ. ತಕ್ಕಡೀಲಿ ಕಮ್ಮಿ ಆಗಿರೋದು ಅದೇ."

ಅಜ್ಜಿ ಮೊಮ್ಮಗಳ ಪಾದವನ್ನು ತಾವೇ ಇನ್ನೊಮ್ಮೆ ಒತ್ತಿ ನೋಡುತ್ತಾರೆ. "ಹಾಗಾದ್ರೆ ಗುಂಡಗಿದ್ದದ್ದು ಸುಳ್ಳಾ?"

"ಸುಳ್ಳೇ."

"ನಾನು ಬೀದಿಯವರಿಗೆಲ್ಲ ತೋರಿಸಿದ್ನಲ್ಲೇ, ನನ್ನ ಮೊಮ್ಮಗಳು ಹೆಂಗಿದಾಳೆ ನೋಡಿ ಅಂತ."

ಮುಂದಿನ ಸರದಿಯ ಹಾಲು ತಂದಾಗ ಚಮಚದಕ್ಕ ಲೋಟವನ್ನು ಅಜ್ಜಿಯ ಕೈಗಿಡುತ್ತಾರೆ. "ಅಳತೆ ನಂದು, ಕೈ ನಿಮ್ದಿರ್ಲಿ. ನಿಧಾನ. ನುಂಗಿದ ಮೇಲೆ ಇನ್ನೊಂದು."

"ಎರಡು ದಿನ ನೋಡ್ತೀನಿ. ಆಮೇಲೆ ನಿನ್ನ ಮಾತು ಕೇಳಲ್ಲ," ಎನ್ನುತ್ತಾರೆ ಅಜ್ಜಿ. ಗಂಟು ಬಿಚ್ಚುವುದಿಲ್ಲ, ಮಂಚದ ಕೆಳಕ್ಕೆ ತಳ್ಳುತ್ತಾರೆ.

ಎರಡನೆಯ ದಿನ ಬೆಳಗ್ಗೆ ವಾರ್ಡಿನಲ್ಲಿ ಗಲಾಟೆ. ಕಿಟಕಿ ಪಕ್ಕದ ಹುಡುಗಿ ಚಮಚ ಕಚ್ಚಿ ಹಿಡಿದು, ಬಿಡಿಸಿದ್ದಕ್ಕೆ ಕಿರುಚಿ, ಅಜ್ಜಿಯ ಕೆನ್ನೆಗೆ ಹೊಡೆದಿದ್ದಾಳೆ. ಅಜ್ಜಿಗೆ ನಾಚಿಕೆ. "ಮನೇಲಿ ಹೀಗೆಲ್ಲ ಮಾಡೋಳಲ್ಲ, ತಪ್ಪು ತಿಳ್ಕೋಬೇಡಿ," ಎಂದು ಸುತ್ತಲಿನವರಿಗೆ ಸಮಜಾಯಿಷಿ ಹೇಳುತ್ತಿದ್ದಾರೆ. ನರ್ಸ್ ನಗುತ್ತಿದ್ದಾರೆ. ವೈದ್ಯೆ ಮಗುವನ್ನು ಪರೀಕ್ಷಿಸಿ, ಪಕ್ಕದ ಕೋಣೆಗೆ ಕಳಿಸಿ ಎನ್ನುತ್ತಾರೆ.

ಪಕ್ಕದ ಕೋಣೆ ಚೇತರಿಸಿಕೊಂಡ ಮಕ್ಕಳದು. ಇಲ್ಲಿ ಗಟ್ಟಿ ಹಾಲು, ಮೆತ್ತಗಿನ ಅನ್ನ. ಮೊದಲ ಕೆಲವು ದಿನ ಮೆಲ್ಲಗೆ ಏರಿಸಿ, ಆಮೇಲೆ ಮಗು ಕೇಳಿದಷ್ಟು. ನೆಲದ ಮೇಲೆ ಚೆಂಡು, ಮುರಿದ ಗೊಂಬೆ, ಜಗಳ. ಚಮಚದಕ್ಕನ ಕೆಲಸ ಲೆಕ್ಕಕ್ಕೆ ಬಾಗಿಲ ಆಚೆಗೇ ಮುಗಿಯುತ್ತದೆ. ಆದರೂ ಪಾಳಿ ಮುಗಿದ ಮೇಲೆ ದಿನಾ ಬಂದು ಈ ಬಾಗಿಲಲ್ಲಿ ನಿಲ್ಲುತ್ತಾರೆ.

ವಾರದ ಕೊನೆಗೆ ಹುಡುಗಿ ತುಂಬಿದ ಲೋಟ ಖಾಲಿ ಮಾಡಿ ಮುಂದೆ ಚಾಚುತ್ತಾಳೆ. ಅಜ್ಜಿ ಪಾತ್ರೆ ಎತ್ತಿದವರು ಅರ್ಧದಲ್ಲೇ ತಡೆದು, ಬಾಗಿಲ ಕಡೆ ತಿರುಗಿ ನೋಡುತ್ತಾರೆ. "ಹಾಕ್ಲೇನೇ?"

"ಹಾಕಿ."

ಅಜ್ಜಿ ಅಂಚಿನವರೆಗೂ ಸುರಿಯುತ್ತಾರೆ. ಚಮಚದಕ್ಕ ಚಪ್ಪಲಿ ಮೆಟ್ಟಿಕೊಂಡು ಮನೆಗೆ ಹೊರಡುತ್ತಾರೆ.

"ಒಳಗೆ ಇಡೀ ದಿನ ಸಾಕು ಸಾಕು ಅಂತೀನಿ," ಎನ್ನುತ್ತಾರೆ ಮೆಟ್ಟಿಲಿಳಿಯುತ್ತ. "ಹಾಕಿ ಅಂತ ಆ ಒಂದು ಮಾತು ಹೇಳಿ ಮನೆಗೆ ಹೋದ್ರೆ, ಅವತ್ತು ನಾನೂ ಎರಡು ತುತ್ತು ಜಾಸ್ತಿ ತಿಂತೀನಿ."