ಡಬ್ಬಿಯ ಮೇಲೆ ಬರೆದ ಪದ

ಹೈದರಾಬಾದಿನ ಜೀಡಿಮೆಟ್ಲಾದ ನಮ್ಮ ಲ್ಯಾಬಿನಲ್ಲಿ ಲಿವರಿನ ಜೀವಕೋಶಗಳನ್ನು ಬೆಳೆಸುತ್ತಿದ್ದ ಟೆಕ್ನಿಷಿಯನ್ ಒಬ್ಬರ ಬಾಯಿಗೆ ಎಲ್ಲರೂ ಹೆದರುತ್ತಿದ್ದೆವು. ಕಲಬುರಗಿ ಕಡೆಯವರು. ದಿನವಿಡೀ ತೆಲುಗು, ಸಿಟ್ಟು ಬಂದರೆ ಮಾತ್ರ ಕನ್ನಡ. ಯಾರಾದರೂ ಕೋಶಗಳ ತಟ್ಟೆ ಕುಕ್ಕಿದರೆ, "ಮೆಲ್ಲಕ ಇಡ್ರಿ, ಅದು ಮನಷ್ಯಾಂದು ಐತಿ," ಎಂದು ಗದರುತ್ತಿದ್ದರು.

ಅವು ದಾನಿಗಳ ಲಿವರಿನಿಂದ ತೆಗೆದ ಸ್ಟೆಲೇಟ್ ಕೋಶಗಳು. ಗಾಯ ಮುಚ್ಚಲು ಹೊರಟು, ನಿಲ್ಲಿಸುವುದನ್ನೇ ಮರೆತು, ಇಡೀ ಲಿವರನ್ನು ಕಲೆಗಟ್ಟಿಸಿಬಿಡುತ್ತವೆ. ಅವನ್ನು ತಡೆಯುವ ಔಷಧ ಹುಡುಕುವುದು ನಮ್ಮ ಕೆಲಸ.

ಒಂದು ಬೆಳಿಗ್ಗೆ ಹೊಸದಾಗಿ ಬಂದ ಕೋಶಗಳ ಡಬ್ಬಿಯ ಮೇಲೆ, ದಾನಿಯ ನಂಬರಿನ ಕೆಳಗೆ, ಮಾರ್ಕರಿನಿಂದ ಕನ್ನಡದಲ್ಲಿ 'ಕುಡುಕ' ಎಂದು ಬರೆದಿತ್ತು. ಅವರು ಡಬ್ಬಿಯನ್ನು ಎತ್ತಿ ಹಿಡಿದರು.

"ಇವನ ಕಾಗದ ಓದೀರೇನ್ರಿ? ಒಂದ ಹನಿ ಸೈತ ಮುಟ್ಟಿಲ್ಲ, ಶುಗರ್‌ನಿಂದ ಲಿವರ್ ಹಾಳಾಗೈತಿ. ಕುಡಿದಿದ್ರೂ ನಿಮಗೇನ್ರಿ? ಸತ್ತ ಮ್ಯಾಲೂ ನಮ್ಮ ಕೆಲಸಕ್ಕ ಬಂದಾನ. ನಾಚಿಕಿ ಆಗಂಗಿಲ್ಲ?"

ಉಳಿದವರು ಒಂದಕ್ಷರ ತಿಳಿಯದೆ ಮುಖ ಮುಖ ನೋಡಿಕೊಂಡರು. ನಾನೂ ಹಾಗೆಯೇ ನೋಡಿದೆ.

ಅವರು ಸ್ಪಿರಿಟ್ ಹಾಕಿ ಆ ಪದವನ್ನು ತಿಕ್ಕಿ ತಿಕ್ಕಿ ಒರೆಸಿದರು. ಬರೆದವರು ಯಾರೆಂದು ಕೇಳಲೇ ಇಲ್ಲ. ಆ ಲ್ಯಾಬಿನಲ್ಲಿ ಕನ್ನಡ ಬರುತ್ತಿದ್ದುದು ನಮ್ಮಿಬ್ಬರಿಗೆ ಮಾತ್ರ.