ಹೆಸರಿಗೆ ಕಟ್ಟಿದ ಬಿಲ್ಲೆ

ಮೇಜಿನ ಖಾನೆ ಒರೆಸುವಾಗ ಸೈಕಲ್ ಸ್ಟ್ಯಾಂಡಿನ ತಗಡಿನ ಬಿಲ್ಲೆಯೊಂದು ಸಿಕ್ಕಿತು. ತುಕ್ಕಿನ ಕೆಳಗೆ ನಲವತ್ತೇಳು ಎಂಬ ಅಂಕಿ ಇನ್ನೂ ಕಾಣುತ್ತದೆ. ನನ್ನಲ್ಲೇ ಹೇಗೆ ಉಳಿಯಿತೋ ನೆನಪಿಲ್ಲ... ಅಂಗೈಯಲ್ಲಿಟ್ಟುಕೊಂಡು ಕೂತರೆ ಗಾಂಧಿ ಬಜಾರಿನ ಬಟ್ಟೆ ಅಂಗಡಿಯ ಮಹಡಿ, ಹೊಸ ಬಟ್ಟೆಯ ಗಂಜಿ ವಾಸನೆ, ಗುಂಯ್‌ಗುಡುವ ನಾಲ್ಕು ಕಂಪ್ಯೂಟರು, ನಮ್ಮ ಟೀಚರಕ್ಕ, ಎಲ್ಲ ಮಂಜಿನೊಳಗಿಂದ ಎದ್ದು ಬಂದಂತಾಯಿತು.

ತೊಂಬತ್ತರ ದಶಕದ ಕೊನೆ. ಕಾಗದನಗರದ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದ ನಾನು ಸಂಜೆ ಭದ್ರಾವತಿಯಿಂದ ಬಸ್ಸು ಹಿಡಿದು ಪಕ್ಕದೂರಿನ ಆ ಮಹಡಿಗೆ, ಟೀಚರಕ್ಕನ ಹತ್ತಿರ ಪ್ರೋಗ್ರಾಮಿಂಗ್ ಕಲಿಯಲು ಹೋಗುತ್ತಿದ್ದೆ. ಕಲಿತದ್ದು ಅರೆಬರೆ, ಹುಮ್ಮಸ್ಸು ಮಾತ್ರ ಮೊಗೆದಷ್ಟೂ ಇತ್ತು. ಕ್ವಾರ್ಟರ್ಸಿನಲ್ಲಿ ರಕ್ತ ಕೊಡುವವರ ಪಟ್ಟಿ ಮಾಡಿದೆ. ಪರದೆಯ ಮೇಲೆ ಹೆಸರು ಒತ್ತಿದರೆ ಅವರ ರಕ್ತದ ಗುಂಪು ಬರುತ್ತಿತ್ತು; ಮೂರನೇ ಹೆಸರಿಗೆ ಮೂರನೇ ವಿವರ, ಹೀಗೆ ಸಾಲಿನ ಲೆಕ್ಕದಲ್ಲಿ.

ಒಂದು ಭಾನುವಾರ ಪಕ್ಕದ ಮನೆಯಾಕೆಗೆ ಹೆರಿಗೆಯಲ್ಲಿ ರಕ್ತ ನಿಲ್ಲಲಿಲ್ಲ. ಬೇಕಾದದ್ದು ಓ ನೆಗೆಟಿವ್. ಒಂದೊಂದೇ ಹೆಸರು ಒತ್ತುತ್ತಾ ಹೋಗಿ, ಸಿಕ್ಕಿದವನನ್ನು ಊಟದಿಂದ ಎಬ್ಬಿಸಿ ಆಸ್ಪತ್ರೆಗೆ ಓಡಿಸಿದೆ. ಪರೀಕ್ಷೆ ಮಾಡಿದರೆ ಬಿ ಪಾಸಿಟಿವ್! ಹಿಂದಿನ ದಿನ ಅಂದಕ್ಕೆಂದು ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿದ್ದೆ. ಹೆಸರುಗಳು ಜಾಗ ಬದಲಿಸಿದ್ದವು. ಅವುಗಳ ವಿವರಗಳು ಕೂತಲ್ಲೇ ಕೂತಿದ್ದವು.

ಅಲ್ಲಿಂದಲೇ ಅಕ್ಕನಿಗೆ ಫೋನು ಮಾಡಿ ಆದದ್ದು ಹೇಳಿದೆ.

"ಪ್ರೋಗ್ರಾಮು ಆಮೇಲೆ ನೋಡಣ ಮಾರಾಯ. ನಂದೂ ಓ ನೆಗೆಟಿವ್ವೇ. ಬಸ್ ಸ್ಟ್ಯಾಂಡಿಗೆ ಬಾ, ಹೊರಟೆ."

ಸೈಕಲ್ಲನ್ನು ಅಲ್ಲಿನ ಸೈಕಲ್ ಸ್ಟ್ಯಾಂಡಿನಲ್ಲಿ ಬಿಟ್ಟು, ಬಿಲ್ಲೆ ತೆಗೆದುಕೊಂಡು ಕಾದೆ. ಅವರು ಇಳಿದ ಕೂಡಲೇ ಆಟೋ ಹತ್ತಿದೆವು. ಸಂಜೆಯ ಹೊತ್ತಿಗೆ ತಾಯಿ ಕಣ್ಣು ಬಿಟ್ಟಳು, ಹೆಣ್ಣು ಮಗು. ಕಾರಿಡಾರಿನ ಬಿಸಿಲು ಜೇನಿನ ಬಣ್ಣಕ್ಕಿತ್ತು... ಅಥವಾ ಈಗ ಹಾಗೆ ಕಾಣುತ್ತದೋ ಏನೋ.

ಬೆಂಚಿನಲ್ಲಿ ಟೀ ಕುಡಿಯುತ್ತಾ ಅಕ್ಕ, ನಾನು ಬೆರಳಲ್ಲಿ ತಿರುಗಿಸುತ್ತಿದ್ದ ಬಿಲ್ಲೆ ಕಸಿದುಕೊಂಡರು.

"ಸ್ಟ್ಯಾಂಡಿನವನು ನಿನ್ನ ಸೈಕಲ್ ಎಲ್ಲಿಗೆ ದೂಡಿದ್ರೂ ಇದರ ಜೋಡಿ ಬಿಲ್ಲೆ ಅದರ ಜೊತೆಗೇ ಹೋಗುತ್ತೆ ತಾನೆ? ಮೂರನೇ ಸೈಕಲ್ ಕೊಡಪ್ಪ ಅಂತ ಕೇಳ್ತೀಯಾ?"

"ಇಲ್ಲಕ್ಕ. ಯಾರದೋ ಬರುತ್ತೆ."

"ಮತ್ತೆ ಹೆಸರಿಗೂ ಒಂದು ಕಟ್ಟೋ, ಕೋಣ!"

ಮರುದಿನ ಪ್ರತಿ ಹೆಸರಿನ ಬೆನ್ನಿಗೂ ಕಾಣದ ನಂಬರೊಂದನ್ನು ಕಟ್ಟಿದೆ. ಹೆಸರು ಎಲ್ಲಿಗೆ ಸರಿದರೂ ವಿವರ ತಪ್ಪಲಿಲ್ಲ.

ಅಂದು ಹುಟ್ಟಿದ ಹುಡುಗಿ ಮೊನ್ನೆ ಮದುವೆ ಪತ್ರಿಕೆ ಹಿಡಿದು ಬಂದಳು.

"ಮಾಮ, ಆ ಟೀಚರಿಗೆ ನಾನೇ ಹೋಗಿ ಕೊಡಬೇಕಂತೆ, ಅಮ್ಮ ಹೇಳಿದಾಳೆ. ಅವರ ಹೆಸರು ಹೇಳಿ."

ಹೇಳಿದೆ. ಪತ್ರಿಕೆಯ ಮೇಲೆ ದುಂಡಗೆ ಬರೆದಳು.

"ಮನೆ ಎಲ್ಲಿ?"

ಆಲ್ಕೊಳದ ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಅಕ್ಕ ತೀರಿಕೊಂಡು ಮೂರು ವರ್ಷ... ಹೇಗೋ ಹೇಳಿದೆ.

ಬರೆದ ಹೆಸರನ್ನು ಅವಳು ಹೊಡೆದುಹಾಕಲಿಲ್ಲ. ಪತ್ರಿಕೆಯನ್ನು "ನಿಮ್ಮ ಹತ್ರವೇ ಇರಲಿ ಮಾಮ" ಅಂತ ನನ್ನ ಮುಂದಿಟ್ಟಳು.